ಓದುತ್ತಿರುವ ಅಮ್ಮನ ಚಿತ್ರ ಬರೆಯಲಿರುವ ಗೆಳೆಯನಿಗೆ

ಉಡುಪಿ

ಪ್ರಿಯ ಗೆಳೆಯಾ,

ಅಮ್ಮ ಚಾವಡಿಯಲ್ಲಿ ಕುಳಿತು ಯಕ್ಷಗಾನ ಪ್ರಸಂಗದ ಪುಸ್ತಕ ಓದುವುದನ್ನು ಚಿತ್ರವಾಗಿ ಬರೆಯಲು ಹೊರಟಿರುವೆ ಎಂದು ತಿಳಿದು ತುಂಬ ಸಂತೋಷವಾಯಿತು. ಮುಖ ಪೂರ್ತಿ ಕಾಣದಿದ್ದರೆ ಮನೆಯವರು ಒಪ್ಪುವುದಿಲ್ಲವೇನೋ, ಅವರನ್ನು ತಲೆ ಎತ್ತಿ ಕೂರಿಸಲೇ ಎಂದು ಕೇಳಿದ್ದೀಯಲ್ಲ, ಅದಕ್ಕೆ ಉತ್ತರವಾಗಿ ಈ ಪತ್ರ. ದಯವಿಟ್ಟು ತಲೆ ಎತ್ತಿಸಬೇಡ. ತಲೆ ಎತ್ತಿದರೆ ಅದು ಅಮ್ಮನ ಭಾವಚಿತ್ರವಾಗುತ್ತದೆ; ಓದು ಅಲ್ಲಿಗೆ ನಿಂತುಹೋಗುತ್ತದೆ.

ಫ್ರೆಂಚ್ ಕಲಾವಿದ ಫ್ರಾಗೊನಾರ್ 1769ರ ಸುಮಾರಿಗೆ ಬರೆದ ಓದುವ ಹುಡುಗಿಯ ಚಿತ್ರ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ನಿಂಬೆ ಹಳದಿಯ ಉಡುಪು ತೊಟ್ಟು ದಪ್ಪ ಮೆತ್ತೆಗೆ ಒರಗಿದ ಆ ಹುಡುಗಿ ಒಂದೇ ಕೈಯಲ್ಲಿ ಪುಟ್ಟ ಪುಸ್ತಕ ಹಿಡಿದಿದ್ದಾಳೆ. ನಮಗೆ ಕಾಣುವುದು ಅವಳ ಮುಖದ ಒಂದು ಪಾರ್ಶ್ವ ಮಾತ್ರ. ಎಕ್ಸ್-ರೇಯಲ್ಲಿ ನೋಡಿದಾಗ ಅದೇ ಬಣ್ಣದ ಪದರದ ಕೆಳಗೆ ನೋಡುಗರ ಕಡೆಗೇ ತಿರುಗಿದ ಇನ್ನೊಂದು ಮುಖ ಸಿಕ್ಕಿತು. ಅಂದರೆ ನಮ್ಮನ್ನು ನೋಡುತ್ತಿದ್ದ ಮುಖವನ್ನು ಅಳಿಸಿ, ಪುಸ್ತಕವನ್ನು ನೋಡುವ ಮುಖವನ್ನು ಕಲಾವಿದನೇ ಬರೆದಿದ್ದಾನೆ. ನಿನ್ನ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ. ರವಿವರ್ಮರ 1902ರ, ಒರಗಿ ಮಲಗಿದ ನಾಯರ್ ಮಹಿಳೆಯ ಚಿತ್ರದಲ್ಲಿಯೂ ತೆರೆದ ಪುಸ್ತಕವಿದೆ. ಆದರೆ ಅವಳ ಕಣ್ಣು ಪುಸ್ತಕದ ಮೇಲಿಲ್ಲ. ಚಿತ್ರ ಸೊಗಸಾಗಿದೆ, ಓದುವವಳ ಚಿತ್ರವೆಂದು ಮಾತ್ರ ನಾನು ಒಪ್ಪಲಾರೆ.

ಹಾಗಾದರೆ ಮುಖ ಬಗ್ಗಿದ ಮೇಲೆ ಬರೆಯುವುದೇನನ್ನು? ಕೈಯನ್ನು ಬರೆ. ಆಮ್ಸ್‌ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನಲ್ಲಿರುವ, ಡಚ್ ಕಲಾವಿದ ರೆಂಬ್ರಾಂಟ್ 1631ರಲ್ಲಿ ಬರೆದ ಓದುವ ಮುದುಕಿಯ ಚಿತ್ರವನ್ನು ಹುಡುಕಿ, ಸಾಧ್ಯವಾದಷ್ಟು ದೊಡ್ಡದು ಮಾಡಿ ನೋಡು. ಬೆಳಕು ಅವಳ ಬೆನ್ನ ಹಿಂದಿನಿಂದ ಬಂದು ಹೆಗಲು ದಾಟಿ ನೇರವಾಗಿ ಪುಟದ ಮೇಲೆ ಬಿದ್ದಿದೆ. ಮುಖ ಬಹುಪಾಲು ನೆರಳಿನಲ್ಲಿದೆ. ಸುಕ್ಕುಗಟ್ಟಿದ ಕೈಯನ್ನು ಪುಟದ ಮೇಲೆ ಚಪ್ಪಟೆಯಾಗಿ ಇಟ್ಟಿದ್ದಾಳೆ, ಸಾಲು ತಪ್ಪದಿರಲೆಂದು. ಆ ಅಕ್ಷರಗಳು ಹೀಬ್ರೂವಿನಂತೆ ತೋರುತ್ತವೆ, ನಮ್ಮಿಂದ ಓದಲಾಗುವುದಿಲ್ಲ. ಓದುವ ಅಗತ್ಯವೂ ಬೀಳುವುದಿಲ್ಲ, ಏಕೆಂದರೆ ಎಷ್ಟು ನಿಧಾನವಾಗಿ, ಎಷ್ಟು ಶ್ರದ್ಧೆಯಿಂದ ಓದುತ್ತಿದ್ದಾಳೆಂಬುದನ್ನು ಕೈಯ ಒಂದೊಂದು ನೆರಿಗೆಯೂ ಹೇಳುತ್ತದೆ. ನಿನ್ನ ಅಮ್ಮನೂ ಪದ್ಯದ ಕೆಳಗೆ ಬೆರಳಿಟ್ಟುಕೊಂಡೇ ಓದುವವರು, ತುಟಿಯಲ್ಲಿಯೇ ರಾಗ ಗುನುಗುವವರು. ಆ ಬೆರಳು ಮತ್ತು ತುಟಿ ಸರಿಯಾಗಿ ಬಂದರೆ ಮನೆಯವರು ಯಾರೂ ಮುಖ ಕೇಳುವುದಿಲ್ಲ.

ಅದೇ ಮ್ಯೂಸಿಯಂನಲ್ಲಿ ಇನ್ನೊಬ್ಬ ಡಚ್ ಕಲಾವಿದ ವರ್ಮೀರನ ನೀಲಿ ಅಂಗಿಯ ಹೆಂಗಸು ಇದ್ದಾಳೆ, ಸುಮಾರು 1663ರದು. ಎರಡೂ ಮುಷ್ಟಿಗಳಲ್ಲಿ ಪತ್ರವನ್ನು ಎದೆಯ ಹತ್ತಿರ ಹಿಡಿದಿದ್ದಾಳೆ. ತುಟಿ ತುಸು ತೆರೆದಿದೆ. ಹಿಂದೆ ಗೋಡೆಯಲ್ಲೊಂದು ಭೂಪಟವಿದೆ, ಮುಂದೆ ಮೇಜು, ಕುರ್ಚಿಗಳಿವೆ. ಪತ್ರದಲ್ಲಿ ಏನಿದೆ ಎಂಬುದರ ಸುಳಿವು ಎಲ್ಲಿಯೂ ಇಲ್ಲ. ಜರ್ಮನಿಯ ಡ್ರೆಸ್ಡನ್ನಿನಲ್ಲಿರುವ ಅವನ ಇನ್ನೊಂದು ಚಿತ್ರ, ತೆರೆದ ಕಿಟಕಿಯ ಬಳಿ ಪತ್ರ ಓದುವ ಹುಡುಗಿಯದು, ಬಹುಕಾಲ ಹೀಗೆಯೇ ಸುಳಿವಿಲ್ಲದ, ಖಾಲಿ ಗೋಡೆಯ ಚಿತ್ರವಾಗಿತ್ತು. ಗೋಡೆಯ ಬಣ್ಣದಡಿಯಲ್ಲಿ ಮನ್ಮಥನ ಚಿತ್ರವೊಂದಿದೆಯೆಂದು 1979ರ ಎಕ್ಸ್-ರೇಯಲ್ಲಿ ತಿಳಿಯಿತು. ಅದನ್ನು ಮುಚ್ಚಿದ್ದು ವರ್ಮೀರ್ ಅಲ್ಲವೆಂದು ಖಚಿತವಾದ ಮೇಲೆ ಆ ಬಣ್ಣವನ್ನು ಕೆರೆದು ತೆಗೆದು, 2021ರಲ್ಲಿ ಚಿತ್ರವನ್ನು ಮತ್ತೆ ಪ್ರದರ್ಶನಕ್ಕಿಟ್ಟರು. ಕಲಾವಿದ ಬರೆದದ್ದನ್ನು ಅವನು ಬರೆದಂತೆಯೇ ತೋರಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೂ ನನ್ನ ಮನಸ್ಸು ಖಾಲಿ ಗೋಡೆಯ ಕಡೆಗೇ ವಾಲುತ್ತದೆ. ಮನ್ಮಥ ಬಂದೊಡನೆ ಅದು ಪ್ರೇಮಪತ್ರವೆಂದು ನಮಗೂ ತಿಳಿದುಹೋಗುತ್ತದೆ, ಹುಡುಗಿಗೆ ಮಾತ್ರ ಸೇರಿದ ಗುಟ್ಟಿನಲ್ಲಿ ನಾವೂ ಪಾಲುದಾರರಾಗುತ್ತೇವೆ. ಆದ್ದರಿಂದ ಅಮ್ಮನ ಹಿಂದಿನ ಗೋಡೆಯಲ್ಲಿ ಯಕ್ಷಗಾನದ ಕಿರೀಟವನ್ನೋ ವೇಷದ ಫೋಟೋವನ್ನೋ ತೂಗುಹಾಕುವ ಆಲೋಚನೆಯನ್ನು ಬಿಟ್ಟುಬಿಡು.

ಬೆಳಕಿನ ವಿಷಯದಲ್ಲಿ ಮಾತ್ರ ಡಚ್ಚರನ್ನು ಅನುಸರಿಸಬೇಡ. ಅವರ ಬೆಳಕು ಹೆಚ್ಚಾಗಿ ಎಡಗಡೆಯ ಕಿಟಕಿಯಿಂದ ಬರುವಂಥದ್ದು. ನಿಮ್ಮ ಮನೆಯ ಮಾಡು ಮಳೆಗೆ ಹೆದರಿ ತಗ್ಗಾಗಿ ಇಳಿದಿದೆ. ಮಳೆಗಾಲದ ಆಟಿ ತಿಂಗಳಲ್ಲಿ ಹಗಲೇ ಚಾವಡಿ ಕತ್ತಲು. ಅಮ್ಮ ಯಾವಾಗಲೂ ಮಾಡಿನಲ್ಲಿ ಬೆಳಕಿಗೆಂದು ಕೂರಿಸಿದ ಗಾಜಿನ ಹಂಚಿನ, ಅಂದರೆ ಕನ್ನಡಿ ಹಂಚಿನ ಕೆಳಗೇ ಮಣೆ ಹಾಕಿಕೊಳ್ಳುವುದು ಅದಕ್ಕೇ. ಆ ಬೆಳಕು ಮೇಲಿನಿಂದ ನೆತ್ತಿಗೂ ಪುಟಕ್ಕೂ ಬಿದ್ದು, ಪುಟದಿಂದ ಮೇಲಕ್ಕೆ ಪುಟಿದು ಗಲ್ಲದ ಅಡಿಯನ್ನು, ಕನ್ನಡಕದ ಕೆಳಗಂಚನ್ನು ಬೆಳಗುತ್ತದೆ. ನಾನು ನೋಡಿದ ಯಾವ ಡಚ್ ಚಿತ್ರದಲ್ಲಿಯೂ ಆ ಬೆಳಕಿಲ್ಲ. ಅದು ನಮ್ಮ ಹಂಚಿನ ಮನೆಗಳದ್ದು, ಯಾರಾದರೂ ಅದನ್ನು ಬರೆಯಬೇಕೆಂಬುದು ನನ್ನ ಬಹುದಿನದ ಆಸೆ.

ಕೊನೆಯದಾಗಿ, ಎದುರಿಗೆ ಕೂರಬೇಡ. ನೀನು ನೋಡುತ್ತಿರುವುದು ಗೊತ್ತಾದರೆ ಅವರು ಸೆರಗು ಸರಿಪಡಿಸಿಕೊಳ್ಳುತ್ತಾರೆ, ಕಾಫಿ ಬೇಕೇ ಎಂದು ಕೇಳುತ್ತಾರೆ. ಪಕ್ಕದ ಕಂಬದ ಬಳಿ ಕುಳಿತು ಮೊದಲು ಪೆನ್ಸಿಲ್ಲಿನಲ್ಲಿ ಕೈಗಳನ್ನಷ್ಟೇ ಹಲವು ಬಾರಿ ಬರೆದು ನನಗೆ ಕಳುಹಿಸು. ಬಣ್ಣದ ಮಾತು ಆಮೇಲೆ ಆಡೋಣ.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಗೆಳೆಯ