ಮೊಹೋಳ ಕಾಣ್ಲಿಲ್ಲಂತ ತಿರುಗಿದ್ದು ಛಲೋ ಮಾಡಿದಿ

ಪ್ರೀತಿಯ ಅವ್ವಿ,

ನಿನ್ನೆ ರಾತ್ರಿ ಫೋನಿನ್ಯಾಗ ನೀ ಹೇಳಿದ್ದು ಇಷ್ಟೇ, ಅಪ್ಪಾ ಸೊಲ್ಲಾಪುರ ಆಗ್ಲಿಲ್ಲ, ನಡು ದಾರಿಯಿಂದ ವಿಮಾನ ತಿರುಗಿಸ್ಕೊಂಡು ಬಂದೆ, ಹಾರಿದ್ದರ ಬಿಲ್ ಸುಮ್ನ ಹೋತು ಅಂತ. ಆಮ್ಯಾಲೆ ಗಪ್ಪಾದಿ. ನಿಮ್ಮವ್ವ ಬಾಜೂಕ ಕೂತು ಉಂಡಾಳೇನು ಕೇಳ್ರಿ, ಉಂಡಾಳೇನು ಕೇಳ್ರಿ ಅಂತ ಗಂಟು ಬಿದ್ದಿದ್ಳು, ಹಿಂಗಾಗಿ ನನಗ ಹೇಳೋದು ಹೇಳಾಕ ಆಗ್ಲಿಲ್ಲ. ಅದಕ್ಕ ಇದನ್ನ ಟೈಪ್ ಮಾಡಾಕತ್ತೀನಿ. ಉದ್ದ ಆದ್ರ ಆಗ್ಲಿ, ಕ್ಲಾಸ್ ಮುಗಿದ ಮ್ಯಾಲೆ ಓದು.

ಮೊದ್ಲ ನಿನ್ನ ದಾರಿ ನಾ ಹೇಳ್ತೀನಿ, ತಪ್ಪಿದ್ರ ತಿದ್ದು. ದೀಪಾವಳಿಗೆ ಪುಣೆದಾಗಿನ ಹಡಪ್ಸರದ ಮನಿಗೆ ಬಂದಾಗ ನೀ ಊಟದ ಟೇಬಲ್ ತುಂಬ ಮ್ಯಾಪ್ ಹಾಸ್ಕೊಂಡು ಪೆನ್ಸಿಲ್ಲಿಂದ ಗೆರಿ ಹೊಡ್ಕೊಂತ ಕೂತಿದ್ದಿ, ನಾ ಚಹಾ ಹಿಡ್ಕೊಂಡು ನೋಡ್ಕೊಂತ ನಿಂತಿದ್ದೆ. ನೀ ವಿಮಾನ ಹಾರಿಸಾಕ ಕಲಿಯೋ ಬಾರಾಮತಿಯಿಂದ ಸೊಲ್ಲಾಪುರಕ್ಕ ನೆಟ್ಟಗ ಹೋದ್ರ ಸುಮಾರು 85 ನಾಟಿಕಲ್ ಮೈಲಿ, ಅಂದ್ರ 157 ಕಿಲೋಮೀಟರ್, ನಿನ್ನ ಸಣ್ಣ ಸೆಸ್ನಾ 172 ವಿಮಾನದಾಗ ಒಂದು ತಾಸಿನೊಳಗಿನ ದಾರಿ. ಎಡಕ್ಕ ಉಜನಿ ಡ್ಯಾಮ್ ನೀರು, ಆಮ್ಯಾಲೆ ನರಸಿಂಗಪುರದಾಗ ನೀರಾ ಬಂದು ಭೀಮಾಕ್ಕ ಕೂಡೋ ಸಂಗಮ, ಆಮ್ಯಾಲೆ ಕುರ್ಡುವಾಡಿ-ಪಂಢರಪುರ ರೈಲ್ವೆ ಲೈನ್ ಅಡ್ಡ ಬರ್ತದ, ಆಮ್ಯಾಲೆ ಸೊಲ್ಲಾಪುರಕ್ಕಿಂತ ಮೊದ್ಲ ಬರೋ ಮೊಹೋಳ ಊರು. ಸಂಗಮ ಬರೋಬ್ಬರಿ ಟೈಮಿಗೆ ಬಂತು ಅಂದಿ. ಅಡ್ಡ ಲೈನ್ ತುಸು ತಡಾ ಆಗಿ ಬಂತು, ಮಸಕ ಮಸಕ ಕಾಣ್ತು ಅಂದಿ. ಮೊಹೋಳ ಬರಬೇಕಾದ ಹೊತ್ತಿಗೆ ಕೆಳಗ ಬರೇ ಹೊಲ, ಮುಂದ ಮಬ್ಬು, ಎಲ್ಲಾ ಬೆಳ್ಳಗ. ತಿರುಗಿದಿ.

ಇದ್ರಾಗ ಅಳೂವಂಥಾದ್ದು ಏನದ ನನಗ ತಿಳೀವಲ್ದು. ನಿಮ್ಮ ರೂಲ್ ಪ್ರಕಾರನ ಮುಂದ ಐದು ಕಿಲೋಮೀಟರ್ ಕಾಣಬೇಕು, ಕಾಣ್ಲಿಲ್ಲ, ಮುಗೀತು. ಮತ್ತ ಒಂದು ಮಾತು ನೀ ಹೇಳಿ ಮರ್ತಿ, ನಾ ಮರ್ತಿಲ್ಲ: ಪೂರ್ವಕ್ಕ ಹೋಗೋವಾಗ 5500 ಫೂಟಿನ್ಯಾಗ ಇದ್ದೆ, ತಿರುಗಿದ ಮ್ಯಾಲೆ 4500ಕ್ಕ ಇಳಿದೆ ಅಂದಿ. ಪೂರ್ವಕ್ಕ ಹೋಗೋರು ಬೆಸ ಸಾವಿರದ ಮ್ಯಾಲೆ ಐನೂರು, ಪಶ್ಚಿಮಕ್ಕ ಬರೋರು ಸಮ ಸಾವಿರದ ಮ್ಯಾಲೆ ಐನೂರು, ಎದುರಾಬದುರಾ ಬರೋರು ಒಂದೇ ಎತ್ತರದಾಗ ಸಿಗಬಾರ್ದಂತ ಅದು, ನೀನೇ ನನಗ ಕಲಿಸಿದ್ದು. ಒಬ್ಬಾಕಿ ಇದ್ದಿ, ಬಾಜೂ ಸೀಟ್ ಖಾಲಿ, ಎದಿ ಢವಢವ ಅಂತಿರಬೇಕು, ಅಂಥಾದ್ರಾಗ ಅದನ್ನ ಮರೀಲಿಲ್ಲಲ್ಲ. ನನಗ ಸೊಲ್ಲಾಪುರ ಮುಟ್ಟಿದ್ರೂ ಇಷ್ಟು ಸಮಾಧಾನ ಆಗ್ತಿರ್ಲಿಲ್ಲ ನೋಡು.

ಈಗ ನಿನ್ನ ತಲ್ಯಾಗ ಕೊರ್ಯಾಕತ್ತಿರೋದು. ತಿರುಗಿದ ಮ್ಯಾಲೆ ಮುಂದ ಎಲ್ಲಾ ಸಾಫ್ ಕಾಣ್ತು, ನಾ ಸುಮ್ನ ಅಂಜಿದೆನೋ ಏನೋ ಅಂದಿ. ಅಲ್ಲವ್ವಾ, ಮುಂಜಾನೆ ಹೊತ್ತು ನೀ ಪೂರ್ವಕ್ಕ ಹೊಂಟಿದ್ದಿ, ಸೂರ್ಯ ಕಣ್ಣಿಗೆ ಎದುರು. ಮಬ್ಬಿನ್ಯಾಗ ಸೂರ್ಯನ ಕಡೆ ನೋಡಿದ್ರ ಗ್ವಾಡಿ ಹಚ್ಚಿಧಂಗ ಬೆಳ್ಳಗ ಕಾಣ್ತದ, ಬೆನ್ನಿಗೆ ಸೂರ್ಯನ್ನ ಹಾಕ್ಕೊಂಡು ನೋಡಿದ್ರ ಅದೇ ಮಬ್ಬು ತೆಳ್ಳಗ ಕಾಣ್ತದ. ಮಬ್ಬು ಕಡಿಮಿ ಆಗಿರ್ಲಿಲ್ಲ, ನೀ ನೋಡೋ ದಿಕ್ಕು ಬದಲಾಗಿತ್ತು. ನಾ ಗೂಡ್ಸ್ ಗಾಡ್ಯಾಗ ಗಾರ್ಡ್ ಇದ್ದಾಗ ಚಳಿಗಾಲದ ಮುಂಜಾನೆ ಇದನ್ನ ದಿನಾ ನೋಡ್ತಿದ್ದೆ. ನಮಗಾದ್ರ ಮಬ್ಬು ಬಿದ್ರ ಸಿಗ್ನಲ್ಲಿನ ಮೊದ್ಲ ಹಳಿ ಮ್ಯಾಲೆ ಪಟಾಕಿ ಇಡ್ತಿದ್ರು, ಗಾಲಿ ಹಾದ್ರ ಢಮ್ ಅಂತಿತ್ತು, ಡ್ರೈವರ್ ಸ್ಪೀಡ್ ಕಡಿಮಿ ಮಾಡ್ತಿದ್ದ, ಬ್ಯಾಡಂದ್ರ ನಿಂತೇ ಬಿಡ್ತಿದ್ವಿ, ಕೆಳಗ ಇಳಿದು ಬೀಡಿ ಸೇದೋರು ಸೇದ್ತಿದ್ರು. ನಿನ್ನ ಗಾಡಿ ನಿಂದ್ರೂದಿಲ್ಲ. ನಿಲ್ಲಿಸಾಕ ಬರ್ಲಾರದ ಗಾಡಿಗೆ ತಿರುಗಿಸೋದೊಂದೇ ಬ್ರೇಕ್.

ಮತ್ತ ಮುಂದ ಹೋಗಿದ್ರ ಏನಾಗ್ತಿತ್ತು ಅಂತ ನಾ ನಿನ್ನೆ ರಾತ್ರಿ ನಿದ್ದಿ ಬರ್ಲಾರದ ಲೆಕ್ಕ ಹಾಕಿದೆ. ನೀ ಕಲಿಸಿದ ಅರವತ್ತಕ್ಕೊಂದರ ಲೆಕ್ಕ ಅದ ಅಲ್ಲ, ಒಂದು ಡಿಗ್ರಿ ತಪ್ಪಿದ್ರ ಅರವತ್ತು ಮೈಲಿಗೆ ಒಂದು ಮೈಲಿ ಬಾಜೂಕ ಹೋಗ್ತೀ ಅಂತ. ಗಾಳಿ ಈಶಾನ್ಯದಿಂದ ಇತ್ತು ಅಂದಿ, ಅದು ನಿನ್ನ ಬಲಕ್ಕ ದಬ್ಬಿ ಐದು ಡಿಗ್ರಿ ತಪ್ಪಿಸಿದ್ರ ಸೊಲ್ಲಾಪುರ ಬರೋ ಹೊತ್ತಿಗೆ ನೀ ಏಳು ನಾಟಿಕಲ್ ಮೈಲಿ ದಕ್ಷಿಣಕ್ಕ ಇರ್ತಿದ್ದಿ, ಅಂದ್ರ ಹದಿಮೂರು ಕಿಲೋಮೀಟರ್. ಐದು ಕಿಲೋಮೀಟರ್ ಕಾಣ್ಲಾರದ ಮಬ್ಬಿನ್ಯಾಗ ಹದಿಮೂರು ಕಿಲೋಮೀಟರ್ ದೂರ ಇರೋ ಊರು ಎಲ್ಲಿ ಕಾಣ್ತದ, ಅಷ್ಟು ದೊಡ್ಡ ಸೊಲ್ಲಾಪುರಾನೂ ಬಾಜೂಕ ಬಿಟ್ಟು ಹೋಗಿರ್ತಿದ್ದಿ. ಇನ್ನೂ ಅಷ್ಟೇ ತಪ್ಪಿದ್ರ ಭೀಮಾ ದಂಡಿ, ಅದರಾಚೆ ನಮ್ಮ ವಿಜಾಪುರ ಜಿಲ್ಲಾ, ನಿಮ್ಮ ಕಾಕಾ ಕಬ್ಬಿನ ಹೊಲದಾಗ ನಿಂತು ಮ್ಯಾಲೆ ನೋಡಿ ಯಾರದಪಾ ಇದು ಅಂತಿದ್ದ. ನಗು ಒಮ್ಮೆ.

ರೈಲ್ವೆ ಬಗ್ಗೆ ಒಂದು ಹೇಳ್ಲೇಬೇಕು, ಯಾಕಂದ್ರ ಆ ಸೀಮಿ ನಿಮ್ಮ ಇನ್‌ಸ್ಟ್ರಕ್ಟರ್‌ಗಿಂತ ನನಗ ಜಾಸ್ತಿ ಗೊತ್ತದ, ಹೊಟ್ಟಿಕಿಚ್ಚ ಪಟ್ರ ಪಡ್ಲಿ. ಭೀಮಾ ದಾಟಿದ ಮ್ಯಾಲೆ ನಿನಗ ಮೊದ್ಲ ಸಿಗೋ ಹಳಿ ಸೊಲ್ಲಾಪುರಕ್ಕ ಹೋಗೋದಲ್ಲ. ಅದು ನಾ ಮ್ಯಾಲೆ ಹೇಳಿದ ಅಡ್ಡ ಲೈನೇ, ಮಿರಜ-ಲಾತೂರ ಲೈನು, ಹಿಂದ ಬಾರ್ಶಿ ಲೈಟ್ ರೈಲ್ವೆ ಅಂತ ಸಣ್ಣ ಗೇಜಿನದ್ದಿತ್ತು, ಪಂಢರಪುರದ ವಾರಕರಿಗಳು ತುಂಬಿ ತುಳುಕ್ತಿದ್ರು, ಈಗ ಬ್ರಾಡ್ ಗೇಜ್ ಆಗ್ಯದ. ಉತ್ತರ-ದಕ್ಷಿಣ ಹೋಗ್ತದ, ಸಿಂಗಲ್ ಲೈನು. ಮೇನ್ ಲೈನ್ ದೌಂಡ, ಭಿಗವಣ, ಜೇಊರ, ಕುರ್ಡುವಾಡಿ, ಮಾಢಾ ಹಿಡ್ಕೊಂಡು ನಿನ್ನ ಎಡಗಡೆಯಿಂದ ಓರೆಯಾಗಿ ಬಂದು ಮೊಹೋಳ ಹತ್ರ ನಿನಗ ಕೂಡ್ತದ, ಅದು ಡಬಲ್ ಲೈನು. ಮಬ್ಬಿನ್ಯಾಗ ಕಂಗಾಲಾಗಿ ಹಳಿ ಸಿಕ್ತು ಅಂತ ಖುಷಿಯಾಗಿ ಮೊದಲನೇದನ್ನ ಹಿಡ್ಕೊಂಡು ಬಲಕ್ಕ ಹೊಂಟ್ರ ಸೀದಾ ವಿಠ್ಠಲನ ದರ್ಶನ, ಎಡಕ್ಕ ಹೊಂಟ್ರ ಕುರ್ಡುವಾಡಿ, ಅಲ್ಲಿ ನಾಕೂ ದಿಕ್ಕಿಗೆ ಹಳಿ. ಅದಕ್ಕ ಹಳಿ ಕಂಡ್ರೂ ಮೊದ್ಲ ಕಂಪಾಸ್ ನೋಡು, ಹಳಿ ಯಾವ ದಿಕ್ಕಿಗೆ ಹೊಂಟದ, ಒಂದದನೋ ಎರಡದಾವೋ ನೋಡು, ಆಮ್ಯಾಲೆ ನಂಬು.

ಈ ಸೀಜನ್ನಿನ್ಯಾಗ ಇನ್ನೊಂದು ಅನುಕೂಲ ಅದ. ಆ ಕಡೆ ತುಂಬ ಸಕ್ಕರಿ ಕಾರ್ಖಾನಿ, ಕಬ್ಬು ಅರ್ಯಾಕ ಸುರು ಆಗ್ಯದ, ಚಿಮಣಿ ಹೊಗಿ ಯಾವ ಕಡೆ ವಾಲ್ತದ ನೋಡಿದ್ರ ಕೆಳಗಿನ ಗಾಳಿ ಗೊತ್ತಾಗ್ತದ. ಮಬ್ಬು ಹೆಚ್ಚಾಗಾಕೂ ಆ ಹೊಗಿ ಮತ್ತ ಹೊಲದಾಗ ಕಬ್ಬಿನ ಒಣ ರವದಿ ಸುಡೋದೇ ಒಂದು ಕಾರಣ, ಅದು ಬ್ಯಾರೆ ಮಾತು. ಸೊಲ್ಲಾಪುರದಾಗಂತೂ ರನ್‌ವೇ ದಾರಿಗೆ ಅಡ್ಡ ಬರ್ತದಂತ ಸಿದ್ಧೇಶ್ವರ ಸಕ್ಕರಿ ಕಾರ್ಖಾನಿ ಚಿಮಣಿನ 2023ರಾಗ ಕೆಡವಿದ್ರು, ಭಾಳ ಗದ್ದಲ ಆಗಿತ್ತು, ರೈತರದ್ದು ಒಂದು ಮಾತು, ವಿಮಾನ ಬೇಕನ್ನೋರದ್ದು ಒಂದು ಮಾತು. ಇಳಿಯೋವಾಗ ನೆನಪ ಮಾಡ್ಕೋ, ಯಾರದೋ ಚಿಮಣಿ ಬಿದ್ದ ಮ್ಯಾಲೆ ಆದ ದಾರಿ ಅದು.

ನಿನ್ನ ಬ್ಯಾಚಿನ ಆ ಹುಡುಗ ಅರ್ಧಾ ತಾಸು ಮೊದ್ಲ ಹೋಗಿ ಇಳಿದು ಫೋಟೋ ಹಾಕ್ಯಾನಂತಲ್ಲ. ಹಾಕ್ಲಿ. ಅವನ ಮುಂದ ಆಗ ಎಷ್ಟು ಕಾಣ್ತಿತ್ತೋ ನಿನಗೇನು ಗೊತ್ತು. ರೇಸ್ ಅಂದ್ರ ನನಗ 1930ರ ಮಾತು ನೆನಪಾಗ್ತದ, ಆಗಾ ಖಾನ್ 500 ಪೌಂಡ್ ಬಹುಮಾನ ಇಟ್ಟಿದ್ರು, ಇಂಗ್ಲೆಂಡಿಗೂ ಭಾರತಕ್ಕೂ ನಡುವ ಒಬ್ಬನೇ ವಿಮಾನ ಹಾರಿಸಿ ತಿಂಗಳೊಳಗ ಮುಟ್ಟಿದ ಮೊದಲ ಭಾರತೀಯಗ ಅಂತ. ಜೆ.ಆರ್.ಡಿ. ಟಾಟಾ ಕರಾಚಿಯಿಂದ ಹೊಂಟ್ರು, ಆಸ್ಪಿ ಇಂಜಿನಿಯರ್ ಅನ್ನೋ ಹದಿನೇಳರ ಹುಡುಗ ಇಂಗ್ಲೆಂಡ್ ಕಡೆಯಿಂದ ಹೊಂಟಿದ್ದ. ಇಬ್ಬರೂ ಈಜಿಪ್ಟಿನ ಅಬುಕಿರ್‌ದಾಗ ಗಂಟು ಬಿದ್ರು, ಹುಡುಗನ ಹತ್ರ ಸ್ಪಾರ್ಕ್ ಪ್ಲಗ್ ಇಲ್ಲ, ಟಾಟಾ ತಮ್ಮ ಸ್ಪೇರ್ ಪ್ಲಗ್ ಕೊಟ್ಟು ಕಳಿಸಿದ್ರು. ಬಹುಮಾನ ಆಸ್ಪಿಗೆ ಹೋತು, ಮುಂದ 1960ರಾಗ ಅವ್ರು ಏರ್ ಫೋರ್ಸಿನ ಚೀಫ್ ಆದ್ರು. ಸೋತ ಟಾಟಾ ಏನಾದ್ರು ಅಂತ ನಾ ಹೇಳಬೇಕಾಗಿಲ್ಲ. ಅಂದಂಗ ನಿನಗೂ ಏನಾರ ಬೇಕಾದ್ರ ಕೇಳು, ದಾರಿ ತಪ್ಪೇದ ಅನಿಸಿದ್ರ ರೇಡಿಯೋದಾಗ ಹಂಗೇ ಹೇಳು, ಆ ಫ್ರೀಕ್ವೆನ್ಸಿ ಸಿಗ್ಲಿಲ್ಲ ಅಂದ್ರ ಆಪತ್ತಿನ ಫ್ರೀಕ್ವೆನ್ಸಿ 121.5 ಅದ, ಮಂದಿ ಮುಂದ ಹ್ಯಾಂಗ ಅನ್ನಿಸ್ತದ, ಇನ್‌ಸ್ಟ್ರಕ್ಟರ್ ಏನಂತಾರ ಅಂತ ನಾಚ್ಕೊಂತ ಕೂಡಬ್ಯಾಡ. ನಾಚಿಕಿಗೆ ಪೆಟ್ರೋಲ್ ಸಾಲೂದಿಲ್ಲ.

ಇನ್ನ ರೊಕ್ಕದ ಮಾತು. ನಿನ್ನೆ ನನಗ ಬ್ಯಾಸರಾದದ್ದು ಇದೊಂದಕ್ಕ. ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ 200 ತಾಸು ಹಾರಬೇಕು, ಅದ್ರಾಗ 100 ತಾಸು ನೀನೇ ಪೈಲಟ್ ಇನ್ ಕಮಾಂಡ್, ಅದ್ರಾಗ 20 ತಾಸು ಕ್ರಾಸ್ ಕಂಟ್ರಿ, ಅಂದ್ರ ಊರಿಂದ ಊರಿಗೆ ಹಾರೋದು, ಮತ್ತ ಅದ್ರಾಗ ಎರಡು ಬ್ಯಾರೆ ಏರೋಡ್ರೋಮಿನ್ಯಾಗ ಇಳಿದು ಬರೋ 300 ನಾಟಿಕಲ್ ಮೈಲಿದ್ದು ಒಂದು, ಇದೆಲ್ಲಾ ನನಗ ಬಾಯಿಪಾಠ ಅದ, ಬ್ಯಾಂಕಿನವರ ಮುಂದ ಎಷ್ಟು ಸಲ ಒದರೀನಿ. ನಿನ್ನೆ ಹಾರಿದ್ದು ಲಾಗ್‌ಬುಕ್ಕಿನ್ಯಾಗ ಸೋಲೋ, ಒಬ್ಬಾಕಿನ ಹಾರಿದ್ದು, ಅಂತ ಬಂದೇ ಬರ್ತದ, ಎಲ್ಲಿ ಹೋತು ಅದು. ಹೋದ್ರೂ ಹೋಗ್ಲಿ. ಸಾಲ ಎಷ್ಟದ, ಪಿಎಫ್‌ದಾಗ ಏನುಳಿದದ, ನಿಮ್ಮ ಅತ್ಯಾ ಯಾವಾಗ ಪೈಲಟ್ ಆಗ್ತಾಳ ಅಂತ ತಿಂಗಳಿಗೊಮ್ಮೆ ಯಾಕ ಕೇಳ್ತಾಳ, ಇವು ನನ್ನ ಲೆಕ್ಕ. ತಿರುಗಬೇಕೋ ಬ್ಯಾಡೋ ಅಂತ ವಿಚಾರ ಮಾಡೋ ಹೊತ್ತಿನ್ಯಾಗ ಗಾಳಿ ನೋಡು, ಪೆಟ್ರೋಲ್ ನೋಡು, ಮುಂದ ಎಷ್ಟು ಕಾಣ್ತದ ನೋಡು, ಅಲ್ಲಿ ಅಪ್ಪನ ಪಾಸ್‌ಬುಕ್ ತರಬ್ಯಾಡ. ಆಣಿ ಮಾಡಿ ಹೇಳ್ತೀನಿ, ಹತ್ತು ಸಲ ತಿರುಗಿ ಬಂದ್ರೂ ನಾ ಒಂದು ಮಾತು ಕೇಳೂದಿಲ್ಲ. ನಿಮ್ಮವ್ವ ಕೇಳಬಹುದು, ಆಕಿನ್ನ ನಾ ನೋಡ್ಕೋತೀನಿ.

ಶುಕ್ರವಾರ ಮತ್ತ ಕಳಸ್ತಾರ ಅಂದಿ. ಹೋಗೋ ಮೊದ್ಲ ಫೋನ್ ಮಾಡಬ್ಯಾಡ, ನಿಮ್ಮವ್ವನ ದನಿ ಕೇಳಿದ್ರ ನಿನ್ನ ತಲಿ ಕೆಡ್ತದ. ಇಳಿದ ಮ್ಯಾಲೆ ಮಾಡು, ಸೊಲ್ಲಾಪುರದಾಗ ಇಳಿದ್ರೂ ಸರಿ, ಬಾರಾಮತಿಯೊಳಗ ಇಳಿದ್ರೂ ಸರಿ. ನಾಳಿನ ಎಸ್‌ಟಿ ಬಸ್ಸಿಗೆ ಬಾಜೂ ಮನಿ ಹುಡುಗ ಬಾರಾಮತಿಗೆ ಹೊಂಟಾನ, ಅವನ ಕೈಯಾಗ ಶೇಂಗಾ ಹೋಳಿಗಿ, ಅಗಸಿ ಚಟ್ನಿ ಕಳಸಾಕತ್ತೀವಿ. ರೂಮಿನ ಹುಡುಗ್ಯಾರಿಗೂ ಕೊಡು, ಮತ್ತ ಹೋದ ಸಲದ ಎರಡು ಸ್ಟೀಲ್ ಡಬ್ಬಿ ಅವನ ಕೈಯಾಗ ವಾಪಸ್ ಕಳಸು ಅಂತ ನಿಮ್ಮವ್ವ ಹೇಳ್ಯಾಳ.

ನಿನ್ನ ಅಪ್ಪ