ವೈರುಧ್ಯಕ್ಕೆ ಮಧ್ಯದ ದಾರಿ ಮದ್ದಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಗತಿತಾರ್ಕಿಕ ಭೌತವಾದದ ಬಗ್ಗೆ, ಅಂದರೆ ಒಳಗಿನ ತಿಕ್ಕಾಟದಿಂದಲೇ ಜಗತ್ತು, ಸಮಾಜ ಬದಲಾಗುತ್ತದೆ ಎನ್ನುವ ಮಾರ್ಕ್ಸ್‌ವಾದಿ ತತ್ವದ ಬಗ್ಗೆ, ಬಂದ ಲೇಖನ ಓದಿದೆ. ಇಂಥ ವಿಷಯಕ್ಕೆ ಅರ್ಧ ಪುಟ ಬಿಟ್ಟುಕೊಟ್ಟಿದ್ದಕ್ಕೆ ಧನ್ಯವಾದ. ಆದರೆ ಅದರಲ್ಲಿ 'ವೈರುಧ್ಯ'ವನ್ನು ವಿವರಿಸಿದ ರೀತಿ ಸರಿಯಿಲ್ಲ. ಹಗಲು ರಾತ್ರಿ, ಸುಖ ದುಃಖ, ಒಳ್ಳೆಯದು ಕೆಟ್ಟದ್ದು, ಹೀಗೆ ಜಗತ್ತೆಲ್ಲ ಜೋಡಿಗಳಿಂದ ತುಂಬಿದೆ, ಎರಡನ್ನೂ ಸರಿದೂಗಿಸಿಕೊಂಡು ಹೋಗುವುದೇ ಈ ತತ್ವದ ಸಾರ ಎಂದು ಲೇಖಕರು ಮುಗಿಸಿದ್ದಾರೆ. ಓದಿದ ಕಾಲೇಜು ಮಕ್ಕಳು ಮಾರ್ಕ್ಸ್ ಹೇಳಿದ್ದು ಇಷ್ಟೇ ಅಂದುಕೊಳ್ಳುತ್ತಾರೆ. ಅದಕ್ಕೇ ಈ ಪತ್ರ.

ಎರಡು ಸಂಗತಿ ಒಂದಕ್ಕೊಂದು ಎದುರಾಗಿವೆ ಅಂದಮಾತ್ರಕ್ಕೆ ಅದು ವೈರುಧ್ಯ ಆಗುವುದಿಲ್ಲ. ಎರಡೂ ಒಂದೇ ವ್ಯವಸ್ಥೆಯ ಹೊಟ್ಟೆಯೊಳಗೆ ಇರಬೇಕು. ಒಂದನ್ನು ಬಿಟ್ಟು ಇನ್ನೊಂದು ಉಳಿಯಬಾರದು. ಹಾಗಿದ್ದೂ ಒಂದು ಇನ್ನೊಂದನ್ನು ತಿನ್ನುತ್ತಿರಬೇಕು. ಆ ತಿಕ್ಕಾಟದಿಂದಲೇ ವ್ಯವಸ್ಥೆ ಬದಲಾಗುತ್ತಾ ಹೋಗಬೇಕು. ಬಂಡವಾಳ ಮತ್ತು ಕೂಲಿ ದುಡಿಮೆಯ ನಂಟನ್ನು ಮಾರ್ಕ್ಸ್ ನೋಡಿದ್ದು ಹೀಗೆ. ಕೂಲಿಯವನಿಲ್ಲದೆ ಬಂಡವಾಳ ಬೆಳೆಯದು, ಆದರೆ ಅದು ಬೆಳೆಯುವುದೇ ಅವನ ದುಡಿಮೆಯ ಒಂದು ಪಾಲನ್ನು ಅವನಿಗೆ ಕೊಡದೆ. ಒಂದಾಗಿ ಕಾಣುವುದನ್ನು ಬಿಡಿಸಿ ಅದರೊಳಗಿನ ವಿರುದ್ಧ ಭಾಗಗಳನ್ನು ತಿಳಿಯುವುದೇ ಈ ವಿಧಾನದ ತಿರುಳು ಎಂದು ಲೆನಿನ್ 1915ರಲ್ಲಿ ಟಿಪ್ಪಣಿ ಬರೆದುಕೊಂಡ.

ಲೇಖನದಲ್ಲಿ ಮಾರ್ಕ್ಸ್‌ಗಿಂತ ಮೊದಲಿನ ಜರ್ಮನ್ ತತ್ವಜ್ಞಾನಿ ಹೆಗೆಲ್ ಹೆಸರಲ್ಲಿ ಬಂದಿರುವ 'ವಾದ, ಪ್ರತಿವಾದ, ಸಂವಾದ' ಎಂಬ ಮೂರು ಮೆಟ್ಟಿಲಿನ ಸೂತ್ರದ ಬಗ್ಗೆಯೂ ಒಂದು ಮಾತು. ಹೆಗೆಲ್ ತನ್ನ ವಿಧಾನಕ್ಕೆ ಅಂಥ ಸೂತ್ರ ಕೊಟ್ಟವನಲ್ಲ. ಅವನು ತೀರಿಕೊಂಡ ಮೇಲೆ, 1837ರಲ್ಲಿ, ಷಾಲಿಬೇಯಸ್ ಎಂಬ ಜರ್ಮನ್ ಪ್ರಾಧ್ಯಾಪಕ ಅವನ ತತ್ವವನ್ನು ಈ ಸೂತ್ರದಲ್ಲಿ ವಿವರಿಸಿದ. ಪರೀಕ್ಷೆಗೆ ಓದಲು ಸುಲಭ, ಹಾಗಾಗಿ ಇಂದಿಗೂ ಉಳಿದಿದೆ.

ನಮ್ಮ ಕೋಲಾರ ಜಿಲ್ಲೆಯಲ್ಲಿ ಕೂತು ವೈರುಧ್ಯಕ್ಕೆ ಹಗಲು ರಾತ್ರಿಯ ಉದಾಹರಣೆ ಕೊಡುವುದು ನನಗೆ ನಿಜಕ್ಕೂ ಬೇಸರದ ವಿಷಯ. ನಮ್ಮ ಬೋರ್‌ವೆಲ್‌ಗಳನ್ನೇ ನೋಡಿ. ವರ್ಷವಿಡೀ ಹರಿಯುವ ನದಿ ನಮಗಿಲ್ಲ. ಕೆರೆ, ತೆರೆದ ಬಾವಿ, ಎತ್ತು ಕಟ್ಟಿ ನೀರೆತ್ತುವ ಕಪಿಲೆ, ಆಮೇಲೆ ಪಂಪ್‌ಸೆಟ್, ಆಮೇಲೆ ಬೋರು. ಮೇಲಿನ ಹೊಲ ನನ್ನದು, ಪಹಣಿಯಲ್ಲಿ ನನ್ನ ಹೆಸರಿದೆ. ಕೆಳಗಿನ ನೀರಿಗೆ ಬದು ಇಲ್ಲ. ಪಕ್ಕದವನು ನೂರು ಅಡಿ ಕೆಳಗೆ ಹೋದರೆ ನನ್ನ ಬೋರು ಒಣಗುತ್ತದೆ. ನಾನು ಇನ್ನೂರು ಅಡಿ ಕೆಳಗೆ ಹೋಗುತ್ತೇನೆ. ಇಬ್ಬರದೂ ತಪ್ಪಲ್ಲ, ಬೆಳೆ ಉಳಿಸಿಕೊಳ್ಳಬೇಕಲ್ವಾ? ಎಲ್ಲರೂ ತಮ್ಮ ಬೆಳೆ ಉಳಿಸಿಕೊಂಡ ರೀತಿಯಲ್ಲೇ ಎಲ್ಲರ ನೀರೂ ಮುಗಿಯಿತು. ನೀರು ಕೊಟ್ಟ ಬೋರೇ ನೀರು ಕಳೆದದ್ದು. ಮಾಲೀಕತ್ವ ಒಬ್ಬೊಬ್ಬರದು, ನೀರು ಎಲ್ಲರದು, ವೈರುಧ್ಯ ಕೂತಿರುವುದು ಇಲ್ಲಿ.

'ಮಳೆ ಕೈಕೊಟ್ಟಿತು, ಅದಕ್ಕೇ ಹೀಗಾಯಿತು' ಎಂದು ಹೇಳುವವರಿದ್ದಾರೆ. 1937ರಲ್ಲಿ ಮಾವೋ ವೈರುಧ್ಯದ ಬಗ್ಗೆ ಬರೆದಾಗ ಇಂಥ ವಾದಕ್ಕೆ ಒಂದು ಉತ್ತರ ಕೊಟ್ಟಿದ್ದ. ಮೊಟ್ಟೆಗೆ ಕಾವು ಕೊಟ್ಟರೆ ಮರಿ ಬರುತ್ತದೆ, ಕಲ್ಲಿಗೆ ಎಷ್ಟು ಕಾವು ಕೊಟ್ಟರೂ ಬರುವುದಿಲ್ಲ. ಹೊರಗಿನದು ಸಂದರ್ಭ, ಬದಲಾವಣೆಯ ಮೂಲ ಒಳಗಿದೆ. ಬರಗಾಲ ನಮ್ಮ ಅಜ್ಜಂದಿರಿಗೂ ಬಂದಿತ್ತು. ಸಾವಿರ ಅಡಿಯಲ್ಲೂ ನೀರು ಸಿಗದ ಸ್ಥಿತಿ ಆಗ ಬಂದಿರಲಿಲ್ಲ.

ಇನ್ನೂ ಒಂದಿದೆ. ಪ್ರಮಾಣ ಹೆಚ್ಚುತ್ತಾ ಹೋಗಿ ಒಂದು ಹಂತದಲ್ಲಿ ಗುಣವೇ ಬದಲಾಗುತ್ತದೆ ಎಂಬುದಕ್ಕೆ ಮಾರ್ಕ್ಸ್‌ನ ಒಡನಾಡಿ ಎಂಗೆಲ್ಸ್ ಕಾಲದಿಂದಲೂ ಕುದಿದು ಆವಿಯಾಗುವ ನೀರನ್ನೇ ತೋರಿಸುತ್ತಾರೆ. ನಾನಾದರೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಬೆಳಿಗ್ಗೆ ಬೆಂಗಳೂರು ರೈಲಿಗೆ ಕಾಯುವವರನ್ನು ತೋರಿಸುತ್ತೇನೆ. ಅವರಲ್ಲೊಬ್ಬ ಬೋರು ಕೊರೆಸುತ್ತಾ ಹೋದ: ಮುನ್ನೂರು ಅಡಿ, ಏಳುನೂರು, ಸಾವಿರದ ಇನ್ನೂರು. ಅಲ್ಲಿಯವರೆಗೂ ಅವನು ಸಾಲ ಇರುವ ರೈತ. ಮುಂದಿನ ಬೋರೂ ಫೇಲ್ ಆದ ದಿನ ಜಮೀನು ಲೇಔಟಿಗೆ ಹೋಯಿತು, ಅವನು ದಿನಗೂಲಿಯವನಾದ. ಸಾಲ ಸ್ವಲ್ಪ ಜಾಸ್ತಿ ಆಗಿದ್ದಷ್ಟೇ ಅಲ್ಲ, ಅವನ ವರ್ಗವೇ ಬದಲಾಯಿತು. ಕೈಯಲ್ಲಿ ದುಡ್ಡಿದ್ದ ದೊಡ್ಡ ರೈತ ಮಾತ್ರ ಇನ್ನೂ ಕೆಳಗೆ ಹೋದ.

ಟೊಮೆಟೊ ಕಥೆಯೂ ಇದೇ ಜಾತಿಯದು. 2023ರ ಜುಲೈನಲ್ಲಿ ಕೋಲಾರ ಮಂಡಿಯಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿತು. ಬೆಲೆ ನೋಡಿ ಜನ ನಾಟಿ ಮಾಡಿದರು, ಕೆಲವೇ ತಿಂಗಳಲ್ಲಿ ಬೆಲೆ ನೆಲಕಚ್ಚಿತು. ಬೆಳೆ ಚೆನ್ನಾಗಿ ಬಂದದ್ದೇ ನಷ್ಟಕ್ಕೆ ಕಾರಣ. ತಿನ್ನುವ ವಸ್ತುವನ್ನು ಮಾರುವ ವಸ್ತುವಾಗಿ ಬೆಳೆದಾಗ ಈ ಗಂಟು ಬೀಳುತ್ತದೆ. ಹಸಿದವರಿಗೆ ಹಣ್ಣು ಬೇಕು, ಆದರೂ ಅದು ರಸ್ತೆಗೆ ಬೀಳುತ್ತದೆ.

ಈಗ 'ಸರಿದೂಗಿಸುವುದು' ಎಂಬ ಮಾತಿಗೆ ಬರುತ್ತೇನೆ. ಲೇಖನದಲ್ಲಿ ನನಗೆ ಅತಿ ಹೆಚ್ಚು ಒಪ್ಪಿಗೆಯಾಗದ್ದು ಇದೇ. 2000ದ ಮಾರ್ಚ್‌ನಲ್ಲಿ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದರು. ಆಗ ಅದು ನಮ್ಮದೇ ಜಿಲ್ಲೆಯಲ್ಲಿತ್ತು, ಈಗ ಚಿಕ್ಕಬಳ್ಳಾಪುರಕ್ಕೆ ಸೇರಿದೆ. ಅಲ್ಲಿ ಯಾವ ಎರಡು ಬದಿಯನ್ನು ಸರಿದೂಗಿಸುತ್ತೀರಿ? 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಎಚ್ಚರಿಸಿದ್ದರು: ಜನವರಿ 26ರಿಂದ ನಾವು ವೈರುಧ್ಯಗಳ ಬದುಕಿಗೆ ಕಾಲಿಡುತ್ತೇವೆ, ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ. ಅವರು ಮಾರ್ಕ್ಸ್‌ವಾದಿ ಅಲ್ಲ. ಆದರೂ ಎರಡಕ್ಕೂ ಸಮಾಧಾನ ಹೇಳಿ ಕಳಿಸಲಿಲ್ಲ. ಈ ವೈರುಧ್ಯವನ್ನು ಬೇಗ ತೆಗೆದುಹಾಕದಿದ್ದರೆ ಅಸಮಾನತೆ ಅನುಭವಿಸುವವರು ಪ್ರಜಾಪ್ರಭುತ್ವದ ಕಟ್ಟಡವನ್ನೇ ಒಡೆದುಹಾಕುತ್ತಾರೆ ಎಂದರು.

ಎಲ್ಲ ವೈರುಧ್ಯವೂ ಇಷ್ಟು ಹಗೆಯದಲ್ಲ, ನಿಜ. ರೈತ ರೈತನ ನಡುವಿನ ನೀರಿನ ಜಗಳ ಮಾತುಕತೆಯಲ್ಲಿ, ಒಟ್ಟಾಗಿ ಕೆರೆ ಉಳಿಸುವುದರಲ್ಲಿ ಬಗೆಹರಿಯಬಹುದು. ಜಾತಿ ದಬ್ಬಾಳಿಕೆ ಹಾಗೆ ಬಗೆಹರಿಯುವುದಿಲ್ಲ, ಒಂದು ಬದಿಯ ಅಧಿಕಾರ ಹೋಗಲೇಬೇಕು. ಈ ವ್ಯತ್ಯಾಸ ಮಾಡದೆ ಎಲ್ಲಕ್ಕೂ ಮಧ್ಯದ ದಾರಿ ಹೇಳಿದರೆ ಗೆಲ್ಲುವುದು ಯಾರು ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು.

ಅತ್ತ ಈ ತತ್ವವನ್ನು ಒಪ್ಪುವ ನಮ್ಮಂಥವರಿಗೂ ಒಂದು ಮಾತು ಹೇಳಬೇಕು. ಮಾತಿನಲ್ಲಿ ತಪ್ಪು ಸಿಕ್ಕಿದಾಗ 'ಇದು ವೈರುಧ್ಯ, ಹೀಗೇ ಇರುತ್ತೆ' ಎಂದು ಜಾರಿಕೊಳ್ಳುವ ಅಭ್ಯಾಸ ಕೆಲವರಿಗಿದೆ. ಪರಸ್ಪರ ಅಲ್ಲಗಳೆಯುವ ಎರಡು ಹೇಳಿಕೆಯನ್ನು ಒಟ್ಟಿಗೆ ಒಪ್ಪಿದರೆ ಅದರಿಂದ ಏನನ್ನು ಬೇಕಾದರೂ ಸಾಧಿಸಬಹುದು ಎಂದು ತತ್ವಜ್ಞಾನಿ ಕಾರ್ಲ್ ಪಾಪರ್ 1940ರಲ್ಲಿ ಟೀಕಿಸಿದ. ಹೇಳಿಕೆಗಳ ಮಟ್ಟಿಗೆ ಅವನ ಮಾತು ಸರಿ. ಬೋರಿನಲ್ಲಿ ನೀರು ಇದೆ, ಅದೇ ಹೊತ್ತಿಗೆ ಇಲ್ಲ ಎಂದು ಯಾರೂ ಹೇಳುತ್ತಿಲ್ಲ. ವೈರುಧ್ಯ ಇರುವುದು ನೀರು, ಜಮೀನು, ಮಾಲೀಕತ್ವದ ಸಂಬಂಧದಲ್ಲಿ. ಅದನ್ನು ವಿವರಿಸುವ ಮಾತು ಮಾತ್ರ ಸ್ಪಷ್ಟವಾಗಿಯೇ ಇರಬೇಕು.

ಈ ಸರಣಿಯ ಮುಂದಿನ ಕಂತಿನಲ್ಲಿ 'ಪ್ರಧಾನ ವೈರುಧ್ಯ', ಅಂದರೆ ಹಲವು ವೈರುಧ್ಯಗಳಲ್ಲಿ ಆ ಹೊತ್ತಿಗೆ ಮುಖ್ಯವಾದದ್ದು, ಬರುತ್ತದೆ ಎಂದು ಬರೆದಿದ್ದೀರಿ. ದಯವಿಟ್ಟು ಅದಕ್ಕೆ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ತರುವ ಕೆ.ಸಿ. ವ್ಯಾಲಿ ಯೋಜನೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಿ. 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಬೆಂಗಳೂರಿನ ಸಂಸ್ಕರಿಸಿದ ನೀರು ಬರುವ ತನಕ ನಮ್ಮ ಮುಖ್ಯ ಪ್ರಶ್ನೆ ನೀರು ಇಲ್ಲದ್ದು. ಕೆರೆ ತುಂಬಿದವು, ಸುತ್ತಲಿನ ಬೋರುಗಳು ಜೀವ ಪಡೆದವು. ಈಗ ಮುಖ್ಯ ಪ್ರಶ್ನೆಯೇ ಬದಲಾಗಿದೆ: ಎರಡೇ ಹಂತದಲ್ಲಿ ಶುದ್ಧೀಕರಿಸಿದ ಈ ನೀರಿನ ಗುಣ ಏನು, ಮೂರನೇ ಹಂತ ಯಾವಾಗ, ಮೊದಲ ದರ್ಜೆಯ ನೀರು ಬಳಸುವ ನಗರ ಮತ್ತು ಅದರ ಬಚ್ಚಲ ನೀರಿಗೆ ಕಾಯುವ ಹಳ್ಳಿಯ ನಡುವಿನ ಸಂಬಂಧ ಎಂಥದ್ದು. ಮೊದಲು ಹಿಂದೆ ಇದ್ದ ವೈರುಧ್ಯ ಮುಂದೆ ಬಂದು ನಿಂತಿದೆ. ಬರೆಯುವ ಮುನ್ನ ಲೇಖಕರು ಆ ಕೆರೆಗಳ ಅಚ್ಚುಕಟ್ಟಿನ ರೈತರನ್ನು, ಅಲ್ಲಿ ಕೂಲಿಗೆ ಬರುವ ಹೆಂಗಸರನ್ನು ಮಾತಾಡಿಸಲಿ. ಬಸ್ಸು ಹತ್ತಿಸಿ ಕರೆದುಕೊಂಡು ಹೋಗಲು ನಾನು ಸಿದ್ಧ.

ಇಂತಿ ನಿಮ್ಮ ಓದುಗ,
ನಿವೃತ್ತ ಶಿಕ್ಷಕ, ಕೋಲಾರ