ಕಾಗದದ ವಾಹನಗಳನ್ನು ಹಂಚುವ ಮುನ್ನ

ಮಾನ್ಯ ಸಂಪಾದಕರೇ,

ಮಕ್ಕಳ ಪುಟಗಳಲ್ಲಿ, ವಾರದ ಪುರವಣಿಗಳಲ್ಲಿ ಕತ್ತರಿಸಿ ಅಂಟಿಸುವ ಕಾಗದದ ಮಾದರಿಗಳು ಆಗಾಗ ಬರುತ್ತವೆ. ಅಂತರ್ಜಾಲದಲ್ಲಂತೂ ಮೇಜಿನ ಮೇಲೆ ಗೊಂಬೆಗಳನ್ನಿಟ್ಟು ಆಡುವ ಯುದ್ಧದಾಟಗಳಿಗೆಂದೇ ಮಾಡಿದ ಸೈಫೈ (ವೈಜ್ಞಾನಿಕ ಕಲ್ಪನೆಯ) ವಾಹನಗಳು ಪಿಡಿಎಫ್ ರೂಪದಲ್ಲಿ ಬೇಕಾದಷ್ಟು ಸಿಗುತ್ತವೆ: ಆರು ಚಕ್ರದ ಕವಚವಾಹನ, ನೆಲ ಮುಟ್ಟದೆ ತೇಲುವ ಟ್ಯಾಂಕ್, ಕಾಲಿನ ಮೇಲೆ ನಡೆಯುವ ಯಂತ್ರ. ಮುದ್ರಿಸಿಕೊಂಡವರಲ್ಲಿ ಎಷ್ಟೋ ಮಂದಿ ಅರ್ಧಕ್ಕೇ ಕೈಬಿಟ್ಟು, ತಮ್ಮ ಕೈಗೆ ಹದವಿಲ್ಲ ಅಂದುಕೊಳ್ಳುತ್ತಾರೆ. ನಿಜವಾಗಿ ನೋಡಿದರೆ ತಪ್ಪು ಹೆಚ್ಚಾಗಿ ಫೈಲಿನಲ್ಲೇ ಇರುತ್ತದೆ. ಪರದೆಯ ಮೇಲೆ ಚೆಂದ ಕಂಡ ಮಾದರಿಯ ಮುಖಗಳನ್ನು ಸಾಫ್ಟ್‌ವೇರ್‌ನಲ್ಲಿ ಚಪ್ಪಟೆಯಾಗಿ ಬಿಡಿಸಿ ಹಾಳೆಗೆ ಹಾಕಿ, ಒಮ್ಮೆಯೂ ಕೈಯಾರೆ ಜೋಡಿಸಿ ನೋಡದೆ ಹಂಚಿಬಿಡುವ ರೂಢಿ ಬೆಳೆದಿದೆ. ಇಂಥ ವಿನ್ಯಾಸ ಮಾಡುವವರೂ ಅದನ್ನು ಅಚ್ಚು ಹಾಕುವ ಪತ್ರಿಕೆಗಳೂ ಗಮನಿಸಲೆಂದು ಈ ಪತ್ರ.

ಮೊದಲು ಅಳತೆ. 28 ಮಿ.ಮೀ. ಆಟ ಎಂದರೆ ಗೊಂಬೆಯ ಅಂಗಾಲಿನಿಂದ ಕಣ್ಣಿನವರೆಗಿನ ಎತ್ತರ ಸುಮಾರು 28 ಮಿ.ಮೀ. ಇದಕ್ಕೆ ವಾಹನಗಳನ್ನು ಸಾಮಾನ್ಯವಾಗಿ 1:56ರಲ್ಲಿ, ಅಂದರೆ ನಿಜ ಗಾತ್ರದ 56ನೇ ಒಂದು ಭಾಗಕ್ಕೆ, ಮಾಡುತ್ತಾರೆ. 7 ಮೀಟರ್ ಉದ್ದ, 2.8 ಮೀಟರ್ ಅಗಲದ ಕವಚವಾಹನವನ್ನು ಕಲ್ಪಿಸಿಕೊಂಡರೆ ಕಾಗದದಲ್ಲಿ ಅದು 125 ಮಿ.ಮೀ. ಉದ್ದ, 50 ಮಿ.ಮೀ. ಅಗಲ ಬರಬೇಕು. 1.9 ಮೀಟರಿನ ಬಾಗಿಲಿಗೆ 34 ಮಿ.ಮೀ. ಎತ್ತರ. ಬಾಗಿಲಿನ ಈ ಲೆಕ್ಕವನ್ನು ಬಹಳ ಮಂದಿ ಮರೆಯುತ್ತಾರೆ. ಒಡಲಿನ ಅಳತೆ ಸರಿಯಿದ್ದರೂ ಬಾಗಿಲು, ಏಣಿಯ ಮೆಟ್ಟಿಲು, ಹಿಡಿಕೆ ಇವು ಗೊಂಬೆಯ ದೇಹಕ್ಕೆ ಹೊಂದದಿದ್ದರೆ ಇಡೀ ವಾಹನವೇ ಆಟಿಕೆಯಂತೆ ಕಾಣುತ್ತದೆ. ಕಣ್ಣಿಗೆ ಅಳತೆ ಹೇಳುವುದು ಈ ಸಣ್ಣ ಭಾಗಗಳೇ.

ಮುದ್ರಣದಲ್ಲಿ ಅಳತೆ ಕೆಡುವುದಕ್ಕೆ ಕಾರಣ ‘ಪುಟಕ್ಕೆ ಹೊಂದಿಸು’ ಎಂಬ ಆಯ್ಕೆ. ಎ4 ಹಾಳೆ 210 × 297 ಮಿ.ಮೀ., ಅಮೆರಿಕದಲ್ಲಿ ಬಳಸುವ ಲೆಟರ್ ಹಾಳೆ 216 × 279 ಮಿ.ಮೀ. ಎ4ಗೆ ಮಾಡಿದ ಪುಟವನ್ನು ಲೆಟರ್ ಹಾಳೆಗೆ ಹೊಂದಿಸಿದರೆ ಅದು ಸುಮಾರು ನೂರಕ್ಕೆ 94ಕ್ಕೆ ಇಳಿಯುತ್ತದೆ, 125 ಮಿ.ಮೀ. ವಾಹನ 117.5 ಆಗುತ್ತದೆ. ಎಲ್ಲ ಪುಟವೂ ಒಂದೇ ಸಮ ಕುಗ್ಗಿದರೆ ಹೇಗೋ ನಡೆದೀತು. ಒಡಲಿನ ಪುಟ ಒಂದು ಅಳತೆಯಲ್ಲಿ, ಟರೆಟ್ಟಿನ (ಮೇಲೆ ತಿರುಗುವ ಬಂದೂಕಿನ ಗೋಪುರದ) ಪುಟ ಇನ್ನೊಂದರಲ್ಲಿ ಬಂದರೆ ಏನು ಮಾಡಿದರೂ ಕೂಡುವುದಿಲ್ಲ. ಪರಿಹಾರ ಸುಲಭ. ಎಲ್ಲ ಭಾಗಗಳೂ 190 × 259 ಮಿ.ಮೀ. ಚೌಕಟ್ಟಿನೊಳಗೆ ಬರುವಂತೆ ಜೋಡಿಸಿದರೆ ಎರಡೂ ಬಗೆಯ ಹಾಳೆಯಲ್ಲಿ ಸುತ್ತಲೂ ಕನಿಷ್ಠ 10 ಮಿ.ಮೀ. ಅಂಚು ಉಳಿಯುತ್ತದೆ, ಕುಗ್ಗಿಸುವ ಅಗತ್ಯವೇ ಬೀಳುವುದಿಲ್ಲ. ಜೊತೆಗೆ ಪ್ರತಿ ಪುಟದ ಮೂಲೆಯಲ್ಲೂ 50 ಮಿ.ಮೀ. ಉದ್ದದ ಒಂದು ಗೆರೆ ಇರಲಿ, ಅದರ ಪಕ್ಕ ಉದ್ದ ಬರೆದಿರಲಿ. ಕತ್ತರಿ ಹಿಡಿಯುವ ಮೊದಲೇ ಸ್ಕೇಲ್ ಇಟ್ಟು ನೋಡಬಹುದು.

28 ಮಿ.ಮೀ. ಫೈಲನ್ನೇ ಕುಗ್ಗಿಸಿ 15 ಅಥವಾ 6 ಮಿ.ಮೀ. ಆಟಕ್ಕೆ ಬಳಸಿ ಎಂದು ಬರೆಯುವವರಿದ್ದಾರೆ. ಇದು ಅರ್ಧ ನಿಜ. 15 ಮಿ.ಮೀ. ಆಟದ 1:100ಕ್ಕೆ ಬೇಕಾದರೆ ನೂರಕ್ಕೆ 56ರಲ್ಲಿ ಮುದ್ರಿಸಬೇಕು, ಅಂಟು ಸವರಲು ಅಂಚಿನಲ್ಲಿ ಬಿಡುವ 5 ಮಿ.ಮೀ. ಅಂಟುಪಟ್ಟಿ 2.8 ಮಿ.ಮೀ. ಆಗುತ್ತದೆ, ಚಿಮುಟ ಇದ್ದರೆ ಕೆಲಸ ಸಾಗುತ್ತದೆ. 6 ಮಿ.ಮೀ. ಆಟದ 1:300ಕ್ಕೆ ಇಳಿಸಿದರೆ ಅದೇ ಪಟ್ಟಿ 1 ಮಿ.ಮೀ.ಗೂ ಕಡಿಮೆ. ಅದನ್ನು ಮಡಿಸುವುದು ಹೇಗೆ? ಗೆರೆಗಳು ಕುಗ್ಗುತ್ತವೆ, ಕಾಗದದ ದಪ್ಪ ಕುಗ್ಗುವುದಿಲ್ಲ. ಆ ಅಳತೆಗೆ ಚಕ್ರ, ನಳಿಗೆಗಳನ್ನೆಲ್ಲ ಚಪ್ಪಟೆ ಚಿತ್ರ ಮಾಡಿ, ಒಡಲನ್ನು ಒಂದೇ ತುಂಡಿನಲ್ಲಿ ಮಡಿಯುವಂತೆ ಹೊಸದಾಗಿಯೇ ಬಿಡಿಸಬೇಕು.

ದಪ್ಪದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಸಾಫ್ಟ್‌ವೇರ್‌ಗೆ ಅದು ಗೊತ್ತಿಲ್ಲ. ಮೂರು ಆಯಾಮದ ಮಾದರಿಗಳನ್ನು ಹಾಳೆಗೆ ಬಿಡಿಸುವ ತಂತ್ರಾಂಶಗಳಾದ ಬ್ಲೆಂಡರಿನ ಕಾಗದ ಮಾದರಿ ಆಡ್-ಆನ್ ಆಗಲಿ, ಪೆಪಕುರ ಆಗಲಿ ಮೇಲ್ಮೈಗೆ ದಪ್ಪವೇ ಇಲ್ಲವೆಂದುಕೊಂಡು ಬಿಡಿಸುತ್ತವೆ. 200 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕದ) ಕಾರ್ಡ್ ಹಾಳೆ ಸುಮಾರು ಕಾಲು ಮಿಲಿಮೀಟರ್ ದಪ್ಪ. ಒಂದು ಕೊಳವೆಯೊಳಗೆ ಇನ್ನೊಂದು ಕೂರಬೇಕಾದರೆ ಒಳಗಿನದರ ವ್ಯಾಸ ಅರ್ಧ ಮಿ.ಮೀ. ಕಡಿಮೆಯಿರಬೇಕು, ಅಂದರೆ ಪಟ್ಟಿಯ ಉದ್ದ ಸುಮಾರು 1.6 ಮಿ.ಮೀ. ಕಡಿಮೆ. ಚಕ್ರದ್ದು ಇದರ ತದ್ವಿರುದ್ಧ. 20 ಮಿ.ಮೀ. ವ್ಯಾಸದ ಬಿಲ್ಲೆಯ ಸುತ್ತಳತೆ 62.8 ಮಿ.ಮೀ. ಎಂದು ಅಷ್ಟೇ ಉದ್ದದ ಟಯರ್ ಪಟ್ಟಿ ಕೊಟ್ಟರೆ, ಸುತ್ತಿದಾಗ ಮುಕ್ಕಾಲು ಮಿ.ಮೀ.ಯಷ್ಟು ಬಿಳಿ ಸಂದು ಉಳಿಯುತ್ತದೆ, ಏಕೆಂದರೆ ಪಟ್ಟಿ ಬಿಲ್ಲೆಯ ಹೊರಗಡೆ ಸುತ್ತುತ್ತದೆ. 65 ಮಿ.ಮೀ. ಕೊಟ್ಟು, ಹೆಚ್ಚಾದದ್ದನ್ನು ಸುತ್ತಿ ನೋಡಿ ಕತ್ತರಿಸಲು ಹೇಳುವುದು ಒಳ್ಳೆಯದು. ಬಿಲ್ಲೆಗೆ 2 ಮಿ.ಮೀ. ರಟ್ಟಿನ ನಾಲ್ಕು ಪದರ ಅಂಟಿಸಿದರೆ 8 ಮಿ.ಮೀ. ಅಗಲದ, ಒತ್ತಿದರೆ ಜಗ್ಗದ ಚಕ್ರವಾಗುತ್ತದೆ. ತಿರುಗುವ ಟರೆಟ್ಟಿಗೂ ಇದೇ ನಿಯಮ: ಕೆಳಗಿನ ಕೊರಳು 20 ಮಿ.ಮೀ. ಇದ್ದರೆ ಒಡಲಿನ ತೂತು 20.5ರಿಂದ 21 ಇರಲಿ.

ಕಾಗದ ಒಮ್ಮೆಗೆ ಒಂದೇ ದಿಕ್ಕಿಗೆ ಬಾಗುತ್ತದೆ. ಕೊಳವೆ, ಶಂಕು, ಸಮತಟ್ಟು ಮುಖ ಇವಿಷ್ಟೇ ಸಲೀಸು. ಶಂಕುವಿಗೆ ಲೆಕ್ಕ ಸರಳ: ಬುಡದ ತ್ರಿಜ್ಯವನ್ನು ಓರೆ ಉದ್ದದಿಂದ ಭಾಗಿಸಿ 360ರಿಂದ ಗುಣಿಸಿದರೆ ಕತ್ತರಿಸಬೇಕಾದ ಕೋನ ಸಿಗುತ್ತದೆ. 10 ಮಿ.ಮೀ. ತ್ರಿಜ್ಯ, 30 ಮಿ.ಮೀ. ಓರೆ ಇದ್ದರೆ 120 ಡಿಗ್ರಿ. ಗುಮ್ಮಟ ಬೇಕೆಂದರೆ ಎಸಳು ಮಾಡಬೇಕು, 40 ಮಿ.ಮೀ. ವ್ಯಾಸದ ಅರ್ಧಗೋಳಕ್ಕೆ ಎಂಟು ಎಸಳು, ಒಂದೊಂದರ ಬುಡ 15.7 ಮಿ.ಮೀ. ಅಗಲ, ಉದ್ದ 31.4 ಮಿ.ಮೀ. ಇಷ್ಟು ಮಾಡಿದರೂ ತುದಿಯಲ್ಲಿ ಎಂಟು ಚೂಪುಗಳು ಕೂಡುವ ಜಾಗ ಎಂದೂ ಅಚ್ಚುಕಟ್ಟಾಗಿ ಬರುವುದಿಲ್ಲ. ಅಲ್ಲಿ ಒಂದು ಮುಚ್ಚಳದ ಬಿಲ್ಲೆಯನ್ನೋ ಆಂಟೆನಾದ ಬುಡವನ್ನೋ ಇಡುವುದು ಬಲ್ಲವರ ಉಪಾಯ. ಸೈಫೈ ವಾಹನದಲ್ಲಿ ಆಕಾರ ನಿಮ್ಮದೇ ಕಲ್ಪನೆ ತಾನೆ? ಗುಂಡಗಿನ ಒಡಲು ಬಿಟ್ಟು ಓರೆ ಮುಖಗಳ ಕವಚ ಕಲ್ಪಿಸಿಕೊಂಡರೆ ಕಾಗದವೂ ಒಪ್ಪುತ್ತದೆ, ನೋಡಲೂ ಗಟ್ಟಿಮುಟ್ಟಾಗಿರುತ್ತದೆ.

ಕಾಗದದ ನಾರಿನ ದಿಕ್ಕನ್ನು ಫೈಲಿನಲ್ಲೇ ಯೋಚಿಸುವವರು ತೀರ ಕಡಿಮೆ. ಹಾಳೆಯನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಮೆಲ್ಲಗೆ ಬಾಗಿಸಿ ನೋಡಿ. ಒಂದು ಕಡೆ ಸುಲಭವಾಗಿ ಬಾಗುತ್ತದೆ, ಇನ್ನೊಂದು ಕಡೆ ಬಿಗಿ. ನಾರಿನ ಗುಂಟ ಮಡಿಕೆ ನೇರವಾಗಿ ಬೀಳುತ್ತದೆ, ಅಡ್ಡ ಮಡಿಸಿದರೆ ಅಂಚು ಒರಟಾಗಿ ಸೀಳುತ್ತದೆ. ಎ4 ಹಾಳೆಗಳಲ್ಲಿ ನಾರು ಸಾಮಾನ್ಯವಾಗಿ ಉದ್ದಕ್ಕೆ ಇರುವುದರಿಂದ ಒಡಲಿನ ಉದ್ದ ಮಡಿಕೆಗಳನ್ನೂ ಸುರುಳಿ ಸುತ್ತುವ ಭಾಗಗಳ ಅಕ್ಷವನ್ನೂ ಪುಟದ ಉದ್ದಕ್ಕೇ ಇಡಬೇಕು. ಬಂದೂಕಿನ ನಳಿಗೆಗಳಿಗೆ ಬೇರೆ ಪುಟವೇ ಕೊಡಿ. 4 ಮಿ.ಮೀ. ವ್ಯಾಸದ ನಳಿಗೆಯನ್ನು ಕಾರ್ಡ್ ಹಾಳೆಯಲ್ಲಿ ಸುತ್ತಲು ಹೋದರೆ ಅದು ದುಂಡಗಾಗದೆ ಮುರಿದು ಮುರಿದು ನಿಲ್ಲುತ್ತದೆ. ಮಾಮೂಲಿ 80 ಜಿಎಸ್‌ಎಂ ಹಾಳೆಯಲ್ಲಿ ಮುದ್ರಿಸಿ, 3 ಮಿ.ಮೀ. ಕಡ್ಡಿಗೆ ನಾಲ್ಕೈದು ಸುತ್ತು ಬಿಗಿಯಾಗಿ ಸುತ್ತಿ ಅಂಟಿಸಿದರೆ ಕಬ್ಬಿಣದ ಸಲಾಕೆಯಷ್ಟು ನೆಟ್ಟಗೆ ನಿಲ್ಲುತ್ತದೆ.

ಮಡಿಕೆ ಗೆರೆಯ ಬಗ್ಗೆ ಒಂದು ತಕರಾರು ಇದೆ. ಬಣ್ಣದ ಮೇಲೆಯೇ ಕಪ್ಪು ಚುಕ್ಕಿಗೆರೆ ಎಳೆದರೆ ಜೋಡಿಸಿದ ಮೇಲೂ ಅದು ಪ್ರತಿ ಅಂಚಿನಲ್ಲೂ ಕಾಣುತ್ತಲೇ ಇರುತ್ತದೆ. ಮಡಿಕೆಯ ಎರಡೂ ತುದಿಗೆ, ಕತ್ತರಿಸಿ ಬಿಸಾಡುವ ಜಾಗದಲ್ಲಿ, ಸಣ್ಣ ಗುರುತು ಹಾಕಿದರೆ ಸಾಕು. ಜೋಡಿಸುವವರು ಆ ಎರಡು ಗುರುತಿಗೆ ಸ್ಟೀಲ್ ಸ್ಕೇಲ್ ಇಟ್ಟು, ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಗೀರುತ್ತಾರೆ. ಗೀರುವ ಕೆಲಸ ಕತ್ತರಿಸುವ ಮೊದಲೇ ಆಗಬೇಕು, ಕತ್ತರಿಸಿದ ಮೇಲೆ ಗುರುತುಗಳೇ ಹೋಗಿರುತ್ತವೆ. ಒಳಮುಖ ಮಡಿಕೆಗಳಿಗೆ ಬೇರೆ ಬಣ್ಣದ ಗುರುತು ಇರಲಿ, ಇಲ್ಲದಿದ್ದರೆ ಎಂಜಿನ್ ಗೂಡಿನ ಹಳ್ಳ ಉಬ್ಬಾಗಿಬಿಡುತ್ತದೆ. ಬಣ್ಣವನ್ನು ಕತ್ತರಿಸುವ ಗೆರೆಯ ಆಚೆಗೆ, ಅಂಟುಪಟ್ಟಿಯ ಮೇಲೂ ಸೇರಿಸಿ, 2 ಮಿ.ಮೀ. ಚಾಚಿ. ಕೂದಲೆಳೆಯಷ್ಟು ಸಂದು ಬಿಟ್ಟರೂ ಬಿಳಿ ಇಣುಕುವುದಿಲ್ಲ. ಅಂಟುಪಟ್ಟಿಗಳ ತುದಿ 45 ಡಿಗ್ರಿ ಓರೆ ಇರಲಿ, ನೇರವಿದ್ದರೆ ಮೂಲೆಯೊಳಗೆ ಒಂದಕ್ಕೊಂದು ತಾಗಿ ಒಡಲು ಉಬ್ಬುತ್ತದೆ.

ಆಟದ ವಾಹನ ಗಾಜಿನ ಬೀರುವಿನಲ್ಲಿಡುವ ಪ್ರದರ್ಶನದ ವಸ್ತುವಲ್ಲ. ಪ್ರತಿ ಸರದಿಗೂ ಅದನ್ನು ಬೆರಳುಗಳಲ್ಲಿ ಒತ್ತಿ ಎತ್ತುತ್ತಾರೆ. ಒಳಗೆ ಏನೂ ಇಲ್ಲದ ಡಬ್ಬಿ ನಾಲ್ಕು ಆಟಕ್ಕೇ ಸೊಂಟ ಬಿಡುತ್ತದೆ. ಉದ್ದಕ್ಕೊಂದು, ಅಡ್ಡಕ್ಕೆರಡು ರಟ್ಟಿನ ಹಲಗೆಗಳು ಸೀಳಿನಲ್ಲಿ ಒಂದಕ್ಕೊಂದು ಸಿಕ್ಕಿಕೊಳ್ಳುವ ಒಳಚೌಕಟ್ಟು ಕೊಡಿ. ರಟ್ಟು 1.5 ಮಿ.ಮೀ. ಇದ್ದರೆ ಸೀಳೂ ಅಷ್ಟೇ. ಕಿರಿದಾದರೆ ಹಲಗೆ ಬಾಗುತ್ತದೆ, ಅಗಲವಾದರೆ ಚೌಕಟ್ಟು ವಾಲುತ್ತದೆ. ಮುಚ್ಚುವ ಮುನ್ನ ತಳಕ್ಕೆ ಎರಡು ಕಬ್ಬಿಣದ ವಾಷರ್ ಅಂಟಿಸಿದರೆ ಫ್ಯಾನಿನ ಗಾಳಿಗೆ ಸರಿಯುವುದಿಲ್ಲ. ಕೊನೆಗೆ ಮುಚ್ಚುವ ಮುಖ ಯಾವಾಗಲೂ ತಳದ್ದೇ ಆಗಿರಲಿ. ಸಣ್ಣಪುಟ್ಟ ವ್ಯತ್ಯಾಸಗಳೆಲ್ಲ ಸೇರಿ ಕೊನೆಯ ತುಂಡಿಗೆ ಬಂದು ಬೀಳುತ್ತವೆ, ಅಲ್ಲಾದರೆ ಯಾರಿಗೂ ಕಾಣುವುದಿಲ್ಲ.

ಅಂಟು, ಶಾಯಿಗಳ ಮಾತು ಚಿಕ್ಕದು. ಬಿಳಿ ಗೋಂದನ್ನು ಕಡ್ಡಿಯ ತುದಿಯಿಂದ ತೆಳ್ಳಗೆ ಸವರಬೇಕು. ಹೆಚ್ಚಾದರೆ ಅದರ ನೀರಿಗೆ ಕಾಗದ ಸುಕ್ಕಾಗುತ್ತದೆ, ಇಂಕ್‌ಜೆಟ್ ಶಾಯಿ ಹರಡುತ್ತದೆ. ಲೇಸರ್ ಮುದ್ರಣ ನೀರಿಗೆ ಅಳುಕುವುದಿಲ್ಲ, ಆದರೆ ಮಡಿಕೆಯಲ್ಲಿ ಟೋನರ್ ಉದುರುತ್ತದೆ. ಮುದ್ರಣ ಯಾವುದಾದರೂ ಬಿಳಿ ಅಂಚಿಗೆ ಮದ್ದು ಒಂದೇ: ಕತ್ತರಿಸಿದ ಮತ್ತು ಮಡಿಸಿದ ಅಂಚುಗಳಿಗೆಲ್ಲ ಹೊಂದುವ ಬಣ್ಣದ ಸ್ಕೆಚ್ ಪೆನ್ ಎಳೆಯುವುದು. ಕಾಗದದ ಮಾದರಿ ಚೆನ್ನಾಗಿ ಕಾಣುವುದೂ ಅಗ್ಗವಾಗಿ ಕಾಣುವುದೂ ಬಹುಪಾಲು ಈ ಒಂದು ಕೆಲಸದ ಮೇಲೆ ನಿಂತಿದೆ.

ಇನ್ನು ಹಂಚುವ ರೀತಿ. ಮೊದಲು ಬಣ್ಣವಿಲ್ಲದ ಗೆರೆಗಳನ್ನಷ್ಟೇ ಮುದ್ರಿಸಿ ಬಿಳಿ ಮಾದರಿ ಕಟ್ಟಬೇಕು. ತಪ್ಪು ತಿದ್ದಿದ ಮೇಲೆ ಬಣ್ಣ ತುಂಬಿ ಮತ್ತೊಮ್ಮೆ ಕಟ್ಟಬೇಕು. ಆಮೇಲೆ ವಿನ್ಯಾಸದ ಪರಿಚಯವೇ ಇಲ್ಲದ ಒಬ್ಬರ ಕೈಗೆ ಹಾಳೆ ಕೊಟ್ಟು, ಬಾಯಿಬಿಡದೆ ಪಕ್ಕದಲ್ಲಿ ಕೂರಬೇಕು. ಅವರ ಕೈ ಎಲ್ಲಿ ತಡೆಯುತ್ತದೋ ಅಲ್ಲಿ ಅಂಟುಪಟ್ಟಿಗೆ ಸಂಖ್ಯೆ ಬೇಕಾಗಿದೆ ಎಂದರ್ಥ. ಫೈಲಿನ ಮೊದಲ ಪುಟದಲ್ಲಿ ಕಂಪ್ಯೂಟರ್ ಚಿತ್ರದ ಬದಲು ಜೋಡಿಸಿದ ಮಾದರಿಯ ಫೋಟೊ ಇರಲಿ, ಪಕ್ಕದಲ್ಲಿ ಗೊಂಬೆಯೂ ನಿಂತಿರಲಿ. ಅಳತೆ, ಪುಟಗಳ ಸಂಖ್ಯೆ, ಭಾಗಗಳ ಸಂಖ್ಯೆ, ಯಾವ ಪುಟಕ್ಕೆ ಎಷ್ಟು ಜಿಎಸ್‌ಎಂ, ಆವೃತ್ತಿ ಎಷ್ಟನೆಯದು ಎಂಬುದೂ ಅಲ್ಲೇ ಇರಲಿ. ಪಿಡಿಎಫ್‌ನಲ್ಲಿ ಪದರಗಳನ್ನಿಟ್ಟು ಮರುಭೂಮಿ, ಹಿಮ, ಕಾಡಿನ ಬಣ್ಣಗಳನ್ನು ಆರಿಸಿಕೊಳ್ಳಲು ಬಿಡುವುದು ಒಳ್ಳೆಯ ಯೋಚನೆ. ಆದರೆ ಮೊಬೈಲಿನ ಎಷ್ಟೋ ಆ್ಯಪ್‌ಗಳಲ್ಲಿ ಪದರ ಬದಲಿಸಲು ಬರುವುದಿಲ್ಲ. ಬಣ್ಣಕ್ಕೊಂದರಂತೆ ಬೇರೆ ಫೈಲನ್ನೂ ಇಟ್ಟರೆ ಯಾರಿಗೂ ತೊಂದರೆಯಿಲ್ಲ. ಇಂಕ್‌ಸ್ಕೇಪ್‌ನಂಥ ಚಿತ್ರ ತಂತ್ರಾಂಶದಲ್ಲಿ ತೆರೆದು ತಿದ್ದಬಹುದಾದ ಎಸ್‌ವಿಜಿ ಮೂಲ ಫೈಲನ್ನೂ ಕೊಟ್ಟರೆ ಇನ್ನೂ ಸಂತೋಷ.

ಪರವಾನಗಿ ಬರೆಯದೆ ಹಂಚಿದ ಫೈಲನ್ನು ಮರುಬಣ್ಣ ಮಾಡಿ ಹಂಚುವ ಹಕ್ಕು ಯಾರಿಗೂ ಇರುವುದಿಲ್ಲ. ಮುಕ್ತವಾಗಿ ಹಂಚಲು ಬಳಸುವ ಸಿದ್ಧ ಪರವಾನಗಿಗಳಾದ ಕ್ರಿಯೇಟಿವ್ ಕಾಮನ್ಸ್‌ನಲ್ಲಿ ‘ಮಾರ್ಪಾಡು ಬೇಡ’ ಎಂಬ ಷರತ್ತು ಹಾಕಿದರೂ ಅದೇ ಕತೆ: ಮನೆಯಲ್ಲಿ ಬಣ್ಣ ಬದಲಿಸಿಕೊಳ್ಳಬಹುದು, ಹಂಚುವಂತಿಲ್ಲ. ಒಬ್ಬರ ಒಡಲಿಗೆ ಇನ್ನೊಬ್ಬರ ಟರೆಟ್ ಕೂರಿಸುವುದೇ ಈ ಹವ್ಯಾಸದ ಜೀವಾಳ, ಆದ್ದರಿಂದ ಹೆಸರು ಹೇಳಿ ಅದೇ ಷರತ್ತಿನಲ್ಲಿ ಮುಂದೆ ಹಂಚಲು ಬಿಡುವ ಪರವಾನಗಿಯೇ ಮೇಲು. ಪ್ರಸಿದ್ಧ ಆಟಗಳ ಕಂಪನಿಗಳ ವಾಹನಗಳನ್ನು, ಲಾಂಛನಗಳನ್ನು ನಕಲು ಮಾಡಿ ಹಂಚುವುದನ್ನಂತೂ ಬಿಡಲೇಬೇಕು. ಸ್ವಂತ ಕಲ್ಪನೆಗೆ ಇಷ್ಟೊಂದು ಜಾಗವಿರುವ ಕಡೆ ಅದರ ಅಗತ್ಯವೂ ಇಲ್ಲ.

ಪತ್ರಿಕೆಗಳಿಗೆ ನನ್ನ ವಿನಂತಿ ಇಷ್ಟು. ‘ವಾಣಿಜ್ಯ ಬಳಕೆ ಬೇಡ’ ಎಂದಿರುವ ವಿನ್ಯಾಸವನ್ನು ಮಾರಾಟವಾಗುವ ಪುಟದಲ್ಲಿ ಹಾಕುವ ಮುನ್ನ ವಿನ್ಯಾಸಕರನ್ನು ಕೇಳಿ ಒಪ್ಪಿಗೆ ಪಡೆಯಿರಿ. ಸುದ್ದಿ ಕಾಗದ 50 ಜಿಎಸ್‌ಎಂಗಿಂತಲೂ ತೆಳು, ಅದರಲ್ಲೇ ನೇರವಾಗಿ ಯಾವ ವಾಹನವೂ ನಿಲ್ಲುವುದಿಲ್ಲ. ಗಮ್ ಸ್ಟಿಕ್‌ನಿಂದ ಕಾರ್ಡ್ ಹಾಳೆಗೆ ಅಂಟಿಸಿ, ರಾತ್ರಿಯಿಡೀ ಭಾರದ ಪುಸ್ತಕದಡಿ ಇಟ್ಟು ಆಮೇಲೆ ಕತ್ತರಿಸಿ ಎಂದು ಮಾದರಿಯ ಪಕ್ಕದಲ್ಲೇ ಸೂಚನೆ ಕೊಡಿ. ಪತ್ರಿಕೆ ಮಡಿಸುವ ಗೆರೆ ಮಾದರಿಯ ಮೇಲೆ ಬೀಳದಿರಲಿ. ಹಿಂಬದಿಯಲ್ಲಿ ಗಾಢ ಬಣ್ಣದ ಜಾಹೀರಾತಾಗಲಿ, ಓದುಗರು ಉಳಿಸಿಕೊಳ್ಳಬೇಕೆನಿಸುವ ಲೇಖನವಾಗಲಿ ಬೇಡ. 50 ಮಿ.ಮೀ. ಗೆರೆಯನ್ನು ಮಾದರಿಯ ಜೊತೆಗೇ ಅಚ್ಚು ಹಾಕಿ, ಪುಟ ವಿನ್ಯಾಸದ ವೇಳೆ ಚಿತ್ರವನ್ನು ಜಾಗಕ್ಕೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸಿದ್ದರೆ ಅಚ್ಚಿಗೆ ಹೋಗುವ ಮೊದಲೇ ಅದರಿಂದ ಗೊತ್ತಾಗುತ್ತದೆ.

ಇಂತಿ,
ಕಾಗದ ಮಾದರಿಗಳ ವಿನ್ಯಾಸದಲ್ಲಿ ತೊಡಗಿರುವ ಓದುಗ